ಹಗುರ ಗುಂಡಿನ ಗಂಡ

ಬ್ರೆಂಟ್: ನೋಡು, ನನ್ನ ಗುಂಡು ಮತ್ತೆ ಕೆಳಗೇ ಬಿತ್ತು! ಮದ್ದು ಸಾಲದು ಅಂದ್ನಲ್ಲ?

ಟ್ರೂಡಿ: ಹೋದ ವಾರ ನೀನು ಮದ್ದು ಜಾಸ್ತಿ ಹಾಕ್ದೆ, ಕೆಳಗೆ ಬಿತ್ತು. ಇವತ್ತು ಇನ್ನೂ ಜಾಸ್ತಿ, ಇನ್ನೂ ಕೆಳಗೆ. ಮುಂದಿನ ಸಲ ನಿನ್ನ ಬೂಟಿಗೇ ಬೀಳುತ್ತೆ.

ಅಮೆರಿಕದ ಐಡಹೋದ ಒಂದು ಗನ್ ಕ್ಲಬ್ಬಿನಲ್ಲಿ ಇನ್ನೇನು ಗಂಡ-ಹೆಂಡಿರ ಜೋಡಿ ಪಂದ್ಯ ಶುರುವಾಗಲಿತ್ತು. ಗ್ಯಾರೇಜಿನಲ್ಲಿ ತಾವೇ ಮದ್ದು ತುಂಬಿದ ತೋಟಾಗಳನ್ನೇ ಹಾರಿಸಬೇಕು. ಸೋತು ಕಟ್ಟಕಡೆಗೆ ಬಂದ ಜೋಡಿ ಭಾನುವಾರ ಕ್ಲಬ್ಬಿಗೆಲ್ಲ ಪ್ಯಾನ್‌ಕೇಕ್ ಹುಯ್ಯಬೇಕು. ಗಂಡನಾದವನು ಗುಲಾಬಿ ಬಣ್ಣದ ಏಪ್ರನ್ ಕಟ್ಟಬೇಕು. ವರ್ಷವರ್ಷವೂ ಕಟ್ಟಿ ಕಟ್ಟಿ ಆ ಏಪ್ರನ್ನಿಗೆ ಬ್ರೆಂಟನ ಸೊಂಟ ಬಾಯಿಪಾಠವಾಗಿತ್ತು. ಸಾಲದ್ದಕ್ಕೆ ನಿನ್ನೆ ಗುಟ್ಟಾಗಿ ಮಾಡಿದ ಉಪಾಯವೂ ಕೈಕೊಟ್ಟಿತ್ತು. ಅದಕ್ಕೇ ಅವನ ಬಾಯಿ ಇಷ್ಟು ಜೋರು.

ಬ್ರೆಂಟ್: ಕಲ್ಲು ಮೆಲ್ಲಗೆ ಎಸೆದ್ರೆ ಕೆಳಗೆ ಬೀಳುತ್ತೆ. ಎಳೇ ಮಕ್ಕಳಿಗೂ ಗೊತ್ತು.

ಟ್ರೂಡಿ: ಎಳೇ ಮಕ್ಕಳು ಕೈಯಲ್ಲಿ ಎಸೀತಾರೆ. ಇದು ರಿವಾಲ್ವರ್. ಭಾರ ಕಮ್ಮಿ, ಅದೇ ನಿನ್ನ ರೋಗ.

ಬ್ರೆಂಟ್ (ಹೊಟ್ಟೆ ಒಳಗೆಳೆದುಕೊಂಡು): ಹೌದು, ಈ ತಿಂಗಳು ಸ್ವಲ್ಪ ಇಳಿದಿದೀನಿ.

ಟ್ರೂಡಿ: ಗುಂಡಿನ ಭಾರ ಕಣೋ! ನಿನ್ನ ಭಾರಕ್ಕೇನು ಬರ? ಮದ್ದು ಸಿಡಿದ ಕೂಡ್ಲೇ ನಳಿಗೆ ಮೂತಿ ಎತ್ತುತ್ತೆ. ಭಾರದ ಗುಂಡು ನಿಧಾನ, ನಳಿಗೆ ಒಳಗೇ ಇದ್ದು ಅದರ ಜೊತೆ ಮೇಲೇರುತ್ತೆ. ಮದ್ದು ಹೆಚ್ಚಿದಷ್ಟೂ ಚುರುಕಾಗೋ ನಿನ್ನ ಹಗುರ ಗುಂಡು ಥೇಟ್ ನಿನ್ನ ಥರಾನೇ. ನಾನು ದನಿ ಎತ್ತೋದ್ರೊಳಗೆ ಬಾಗಿಲು ದಾಟಿರುತ್ತೆ.

ಬ್ರೆಂಟ್: ನಿಧಾನ ಇರೋರೇ ಮೇಲೇರೋದು ಅಂತಾದ್ರೆ ನಾನು ಇಷ್ಟೊತ್ತಿಗೆ ಕೆಲಸಕ್ಕಿರೋ ಟೈರ್ ಅಂಗಡಿಗೇ ಮ್ಯಾನೇಜರ್ ಆಗಿರ್ಬೇಕಿತ್ತು!

ಟ್ರೂಡಿ: ಇಲ್ಲಿ ಕೊಡು.

ಅವನ ರಿವಾಲ್ವರ್ ಕಿತ್ತುಕೊಂಡು, ಭಾರದ ಗುಂಡಿಟ್ಟು ಕಮ್ಮಿ ಮದ್ದು ತುಂಬಿದ ತನ್ನ ತೋಟಾಗಳನ್ನು ಹಾಕಿ ಹಾರಿಸಿದಳು. ಐದಕ್ಕೆ ಐದೂ ಗುರಿಹಲಗೆಯ ನಟ್ಟನಡುವೆ.

ಟ್ರೂಡಿ: ಈಗೇನಂತೀಯ, ಕಲ್ಲೆಸೆಯೋ ಪಂಡಿತ?

ಬ್ರೆಂಟ್: ಭೇಷ್! ಆದ್ರೆ... ಇದು ಮೇಲಕ್ಕೆ ಹೋಗ್ಬೇಕಿತ್ತಲ್ಲ?

ಟ್ರೂಡಿ: ಯಾಕೆ?

ಬ್ರೆಂಟ್: ನಳಿಗೆ ತುದೀಲಿ ಗುರಿ ನೋಡೋ ಮೊಳೆ ಇದ್ಯಲ್ಲ, ನಿನ್ನೆ ಅಂಗಡೀಲಿ ಊಟದ ಬಿಡುವಲ್ಲಿ ಅದಕ್ಕೆ ಅರ ಹಾಕಿ ತಗ್ಗಿಸ್ದೆ. ಮೊಳೆ ತಗ್ಗಿದ್ರೆ ಗುಂಡು ಮೇಲೆ ಬೀಳುತ್ತಲ್ಲ, ಅದಕ್ಕೆ.

ಟ್ರೂಡಿ (ತುದಿ ಸವರಿ): ಇದರ ಮೊಳೆ ಇದ್ದ ಹಾಗೇ ಇದೆ.

ಅವಳಪ್ಪ ಮದುವೆಗೆಂದು ಕೊಟ್ಟದ್ದು ಅವಳಿ ರಿವಾಲ್ವರುಗಳು, ಪೆಟ್ಟಿಗೆಗಳೂ ಅವಳಿಯೇ. ಇಬ್ಬರ ಕಣ್ಣೂ ಮೆಲ್ಲಗೆ ಅವಳ ಪೆಟ್ಟಿಗೆಯತ್ತ ಹೊರಳಿತು. ಟ್ರೂಡಿ ಮುಚ್ಚಳ ತೆರೆದಳು. ಒಳಗಿದ್ದ ಅವಳ ರಿವಾಲ್ವರಿನ ಮೊಳೆ ಅರ್ಧಕ್ಕರ್ಧ ಸವೆದು, ಹೊಸ ಹಲ್ಲಿನ ಹಾಗೆ ಫಳಫಳ ಹೊಳೆಯುತ್ತಿತ್ತು.

ಪಂದ್ಯದ ಸೀಟಿ ಮೊಳಗಿತು.

ಬ್ರೆಂಟ್: ಇದಕ್ಕೆ ನಿನ್ನ ಭಾರದ ಗುಂಡು ಹಾಕಿದ್ರೆ ಹಲಗೆ ದಾಟಿ ಗುಡ್ಡಕ್ಕೇ ಹೋಗುತ್ತೇನೋ...

ಟ್ರೂಡಿ: ಬಾಯ್ಮುಚ್ಚು.

ಒಂದಿಷ್ಟು ಹೊತ್ತು ಹಲ್ಲು ಕಡಿದಳು. ಆಮೇಲೆ, ಅವನ ಮುಖ ನೋಡದೆ ಕೈ ಚಾಚಿದಳು.

ಟ್ರೂಡಿ: ನನ್ನ ತೋಟಾ ನೀನು ತಗೋ. ಕೆಳಗೆ ಬೀಳೋ ಆ ನಿನ್ನ ದರಿದ್ರ ಹಗುರ ಗುಂಡೇ ಈ ಮೊಳೆಗೆ ಸರಿ, ಡಬ್ಬಿ ಇಲ್ಲಿ ಕೊಡು.

ಬ್ರೆಂಟ್ (ಎರಡೂ ಕೈಯಲ್ಲಿ ಡಬ್ಬಿ ನೀಡುತ್ತಾ): ಮದ್ದು ಸಾಲುತ್ತಾ, ನೋಡ್ಕೋ.