ನಮ್ಮ ಭಾವನ ಕಿವಿಯೂಟ

ನಮ್ಮ ಭಾವ ಬಾಯಿಂದ ಊಟ ಮಾಡುವುದಿಲ್ಲ, ಕಿವಿಯಿಂದ ಮಾಡುತ್ತಾರೆ! ನಗಬೇಡಿ. ಅಕ್ಕನನ್ನು ನೋಡಲು ಮೈಸೂರಿನ ನಮ್ಮ ಮನೆಗೆ ಬಂದಾಗ ಈ ಮಹಾನುಭಾವರು ಹುಡುಗಿಯ ಮುಖವನ್ನೇ ನೋಡಲಿಲ್ಲ. ತಟ್ಟೆಯಲ್ಲಿದ್ದ ಚಕ್ಕುಲಿಯನ್ನು ಕಟಂ ಎಂದು ಕಡಿದರು, ಕಣ್ಣು ಮುಚ್ಚಿ ತಲೆದೂಗಿದರು, "ನಮಗೆ ಒಪ್ಪಿಗೆ" ಎಂದುಬಿಟ್ಟರು. ಆ ಚಕ್ಕುಲಿ ಬೀದಿ ತುದಿಯ ಅಂಗಡಿಯದು ಎಂಬ ಸತ್ಯವನ್ನು ಅಕ್ಕ ಇವತ್ತಿನವರೆಗೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಾಳೆ.

ಅವರ ಕಸುಬೂ ಅಂಥದ್ದೇ. ರಿಟೈರ್ ಆಗುವ ತನಕ ವಾರೆನ್ನಿನ ಕಾರು ಕಂಪನಿಯಲ್ಲಿ ಅವರು ಮಾಡಿದ ಕೆಲಸವೆಂದರೆ ಹೊಸ ಕಾರಿನ ಬಾಗಿಲು ಹಾಕಿ ಸದ್ದು ಕೇಳುವುದು. ಬಾಗಿಲು 'ಧಪ್' ಎನ್ನಬೇಕಂತೆ, 'ಟಣ್' ಎನ್ನಬಾರದಂತೆ. ಇದಕ್ಕೂ ಸಂಬಳ ಕೊಡುತ್ತಾರೆಂದರೆ ನಮ್ಮಮ್ಮ ಇರುವ ತನಕ ನಂಬಲಿಲ್ಲ! ಒಮ್ಮೆ ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸಿನ ನಮ್ಮ ಮನೆಗೆ ಬಂದವರು ಕಾಫಿಯನ್ನೂ ಕುಡಿಯದೆ ಮಾಯವಾದರು. ಹುಡುಕಿದರೆ ಪಕ್ಕದ ಮನೆಯವನ ಡ್ರೈವ್‌ವೇನಲ್ಲಿ ನಿಂತು, ಅವನ ಹೊಸ ಕಾರಿನ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ! ಆತ ಪೊಲೀಸರನ್ನು ಕರೆಯುವುದೊಂದು ಬಾಕಿ. ಭಾವ ಅವನ ಭುಜ ತಟ್ಟಿ, "ಯುವರ್ ಲೆಫ್ಟ್ ರಿಯರ್ ಡೋರ್ ಈಸ್ ವೆರಿ ಸ್ಯಾಡ್" ಎಂದು ಸಾಂತ್ವನ ಹೇಳಿ ಬಂದರು.

ಇಂಥ ಕಿವಿಗೇ ಯಾರ ದೃಷ್ಟಿ ತಾಗಿತೋ, ಈಚೆಗೆ ಮಂದವಾಗುತ್ತ ಬಂದಿದೆ. ಒಪ್ಪಿಕೊಳ್ಳುತ್ತಾರೆಯೇ? ಉಹುಂ! ಬೇರೆಯವರಿಗೆ ಬಾಯಿ ತೆರೆಯಲು ಬಿಟ್ಟರೆ ತಾನೆ ತಾಪತ್ರಯ? ಬೆಳಗಿನಿಂದ ಸಂಜೆಯ ತನಕ ತಾವೇ ಮಾತಾಡುತ್ತಾರೆ. ಮಗಳು ಪುಟ್ಟಿ ಶಿಕಾಗೋದಲ್ಲಿ ಕೆಲಸದಲ್ಲಿದ್ದಾಳೆ. ಅವಳು ಫೋನ್ ಮಾಡಿದರೆ ಮಾತ್ರ, "ಅಮ್ಮನ ಹತ್ರ ಮಾತಾಡು" ಎಂದು ಅಕ್ಕನ ಕೈಗೆ ದಾಟಿಸುತ್ತಾರೆ. ಫೋನಿನಲ್ಲಿ ಅವಳ ದನಿ ಅವರಿಗೆ ಸ್ವಲ್ಪವೂ ಕೇಳಿಸುವುದಿಲ್ಲ. ಪುಟ್ಟಿಯೇ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದು, ಪರೀಕ್ಷೆ ಮಾಡಿಸಿ, ಹಿಯರಿಂಗ್ ಏಡ್ ತಂದುಕೊಟ್ಟಳು. "ನನ್ನ ಕಿವಿಗೆ ಮೆಷೀನಾ? ಬೇಡ" ಎಂದರು. ಅಲ್ಲಿಗೆ ಮುಗಿಯಿತು.

"ನೀನಾದ್ರೂ ಬಂದು ಹಾಕಿಸೇ. ಅಪ್ಪಂಗೆ ನಾನಂದ್ರೆ ಇಷ್ಟ ಇಲ್ಲ ಅಂತ ಪುಟ್ಟಿ ಒಳಗೊಳಗೇ ಕೊರಗ್ತಿದಾಳೆ" ಎಂದು ಅಕ್ಕ ಫೋನಿನಲ್ಲಿ ಅತ್ತಳು. ಅಕ್ಕ ಅಳುವ ಪೈಕಿಯಲ್ಲ. ಪುಟ್ಟಿಯನ್ನು ಹತ್ತಿಸಿಕೊಂಡು ಫಾರ್ಮಿಂಗ್ಟನ್ ಹಿಲ್ಸಿನ ಅಕ್ಕನ ಮನೆಗೆ ಡ್ರೈವ್ ಮಾಡಿದೆ.

ಭಾವ ನಮ್ಮನ್ನು ತಮ್ಮ ನೆಚ್ಚಿನ ಜಪಾನಿ ಕಟ್ಸು ಹೋಟೆಲಿಗೆ ಕರೆದೊಯ್ದರು. ಕಟ್ಸು ಎಂದರೆ ಮತ್ತೇನಲ್ಲ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದದ್ದು. ಊರವರೆಲ್ಲ ಹಂದಿ, ಕೋಳಿ ತಿಂದರೆ ನಮಗೆ ಗೆಣಸು, ಸಿಹಿಗುಂಬಳ, ತಾವರೆ ದಂಟು. ನಮ್ಮದನ್ನು ಬೇರೆ ಎಣ್ಣೆಯಲ್ಲೇ ಕರಿಯುತ್ತಾರೆಂದು ಭಾವ ಅಡುಗೆಮನೆಗೇ ನುಗ್ಗಿ ನೋಡಿಬಂದಿದ್ದಾರೆ. ಹಿಟ್ಟಿನಲ್ಲಿರುವ ಮೊಟ್ಟೆಯ ವಿಷಯ ಮಾತ್ರ ಕೇಳಬೇಡಿ, ನಾವೂ ಕೇಳಿಲ್ಲ!

ತಟ್ಟೆ ಬಂದದ್ದೇ ತಡ, ಭಾವ ಕೈ ಎತ್ತಿದರು. "ಎಲ್ಲಾ ಸುಮ್ನಿರಿ!" ಪಕ್ಕದ ಮೇಜಿನವರೂ ಗಾಬರಿಯಾಗಿ ಸುಮ್ಮನಾದರು. ಭಾವ ಕಣ್ಣು ಮುಚ್ಚಿ ಕುಂಬಳದ ತುಂಡನ್ನು ಕಡಿದರು. ಕರುಂ!

"ಆಹಾ! ನೋಡಮ್ಮ, ಇದು ಗಾಳೀಲಿ ಬರೋ ಸದ್ದಲ್ಲ. ದವಡೆ ಮೂಳೆಯಿಂದ ಸೀದಾ ಒಳಗೆ ಹೋಗತ್ತೆ. ಇದೊಂದು ಮಾತ್ರ ಈಗ್ಲೂ ಫಸ್ಟ್ ಕ್ಲಾಸಾಗಿ ಕೇಳ್ಸತ್ತೆ."

ಇದೊಂದು ಮಾತ್ರ! ಬಾಯಿ ತಪ್ಪಿ ಬಂದ ಮಾತು. ಅಕ್ಕ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ.

ಅಷ್ಟರಲ್ಲಿ ಬಡಿಸುವ ಹುಡುಗಿ ಸಣ್ಣಗೆ ಹೆಚ್ಚಿದ ಎಲೆಕೋಸಿನ ಬೋಗುಣಿ ಹಿಡಿದು ಬಂದಳು. ಅಲ್ಲಿ ಅನ್ನ, ಕೋಸು ಎಷ್ಟು ಸಲ ಬೇಕಾದರೂ ಹಾಕುತ್ತಾರೆ. ಭಾವನಿಗೆ ಕೋಸೆಂದರೆ ಪ್ರಾಣ. ಆದರೆ ಬೋಗುಣಿ ಕಂಡ ಕೂಡಲೇ ಮದುವೆ ಪಂಕ್ತಿಯಲ್ಲಿ ಎಲೆಗೆ ಅಡ್ಡ ಹಿಡಿಯುವಂತೆ ಎರಡೂ ಕೈ ತಟ್ಟೆಯ ಮೇಲೆ ಹರಡಿ, "ನೋ ನೋ ನೋ, ಇನಫ್, ಇನಫ್!" ಎಂದರು.

"ಓಕೆ!" ಎಂದು ಹುಡುಗಿ ಹೊರಟೇಹೋದಳು.

ಭಾವ ಅವಳ ಬೆನ್ನನ್ನೇ ನೋಡಿದರು. "ಹೋಗೇಬಿಟ್ಲಲ್ಲೇ! ಇನ್ನೊಂದ್ಸಲ ಕೇಳ್ಬಾರ್ದಾ?"

"ನೀವೇ ಬೇಡ ಅಂದ್ರಲ್ಲ ಭಾವ!" ಎಂದು ಗಂಟಲು ಹರಿದುಕೊಂಡೆ.

"ಮೊದಲ್ನೇ ಸಲಕ್ಕೇ ಬೇಕು ಅನ್ನಕ್ಕೆ ನಾನೇನು ಬರಗೆಟ್ಟವನಾ? ಒಂಚೂರು ಬಲವಂತ ಮಾಡ್ಬೇಕಪ್ಪ. ಪ್ರತಿ ಸಲಾನೂ ಹಿಂಗೇ ಮಾಡ್ತಾಳೆ!"

ಪ್ರತಿ ಸಲವೂ! ಅಂದರೆ ಈ ಪುಣ್ಯಾತ್ಮ ಇಷ್ಟು ಕಾಲವೂ ಆಸೆಪಟ್ಟ ಕೋಸನ್ನು ತಿನ್ನದೆಯೇ ಎದ್ದುಬಂದಿದ್ದಾರೆ. ಹೊಟ್ಟೆ ಹಿಡಿದು ನಕ್ಕವಳು ನಡುವೆಯೇ ತಟ್ಟನೆ ನಿಲ್ಲಿಸಿ ಪುಟ್ಟಿಯ ಕಡೆ ತಿರುಗಿದೆ. "ಹಿಯರಿಂಗ್ ಏಡ್ ಹಾಕ್ಕೋ ಅಂತ ನೀನು ಅಪ್ಪನ್ನ ಎಷ್ಟು ಸಲ ಕೇಳಿದ್ದೆ?"

"ಒನ್ಸ್. ಹಿ ಸೆಡ್ ನೋ, ಚಿಕ್ಕಿ. ಐ ರೆಸ್ಪೆಕ್ಟೆಡ್ ಇಟ್."

ಅಯ್ಯೋ ನನ್ನ ಕಂದಾ! ಈ ನೆಲದಲ್ಲಿ ಹುಟ್ಟಿದ ಮಕ್ಕಳಿಗೆ ಬೇಡ ಎಂದರೆ ಬೇಡ. ಒಳ್ಳೆಯ ಗುಣವೇ, ನಾನೇನೂ ಆಡಿಕೊಳ್ಳುತ್ತಿಲ್ಲ. ಇನ್ನು ಅಕ್ಕನೋ, "ಹಾಕ್ಕೊಳ್ಳೀಂದ್ರೆ!" ಎಂದು ಗದರುತ್ತಾಳೆ. ಅದು ಉಪಚಾರವಲ್ಲ, ಆರ್ಡರು. ಭಾವನಿಗೆ ಇಷ್ಟು ದಿನ ಬಲವಂತ ಮಾಡಿ ಬಡಿಸುವವರೇ ಇರಲಿಲ್ಲ!

"ಇನ್ನೊಂದ್ಸಲ ಕೇಳು. ಬೇಡ ಅಂದ್ರೆ ಮತ್ತೆ ಕೇಳು. ಕೋಸು ಬಡಿಸೋ ಹಾಗೆ" ಎಂದೆ.

ಅಕ್ಕ ಕೈಚೀಲದಿಂದ ಆ ಪುಟ್ಟ ಪೆಟ್ಟಿಗೆ ತೆಗೆದಳು. ದಿನವೂ ಅದನ್ನು ಚಾರ್ಜ್ ಮಾಡಿ, ಹೋದಲ್ಲೆಲ್ಲ ಹೊತ್ತು ತಿರುಗುತ್ತಿದ್ದಳೆಂದು ಆಗಲೇ ನನಗೆ ಗೊತ್ತಾದದ್ದು.

ಪುಟ್ಟಿ ಅಪ್ಪನ ಪಕ್ಕಕ್ಕೆ ಹೋಗಿ ಕೂತು ಪೆಟ್ಟಿಗೆ ತೆರೆದು ಹಿಡಿದಳು. "ಅಪ್ಪಾ, ಸ್ವಲ್ಪ?"

"ಬೇಡ ಪುಟ್ಟಿ." ಭಾವನ ಎರಡೂ ಕೈ ಮೇಲೆದ್ದು ಕಿವಿಗಳಿಗೆ ಅಡ್ಡ ನಿಂತವು.

ಪುಟ್ಟಿ ನನ್ನತ್ತ ನೋಡಿದಳು. ಮಾಡು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ.

"ಅಪ್ಪಾ, ಒಂದೇ ಒಂದು. ನನಗೋಸ್ಕರ" ಎಂದು ಅವರ ಕಿವಿಯ ಹತ್ತಿರವೇ ಹೇಳಿದಳು. ಅವಳ ಬಾಯಿಂದ ಅಷ್ಟು ಸ್ಪಷ್ಟ ಕನ್ನಡ ನಾನು ಕೇಳಿರಲಿಲ್ಲ.

ಎಡಗಿವಿಯ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. "ನೀನು ಇಷ್ಟು ಬಲವಂತ ಮಾಡಿದ್ಮೇಲೆ... ಹೂಂ, ಸ್ವಲ್ಪ."

ಸ್ವಲ್ಪ ಎಂದವರು ಎರಡೂ ಕಿವಿಗೆ ಹಾಕಿಸಿಕೊಂಡರು! ಆಮೇಲೆ ಕಲ್ಲಿನಂತೆ ಕೂತುಬಿಟ್ಟರು. ಕಿತ್ತೆಸೆದರೆ? ಪುಟ್ಟಿ ಏನು ಮಾಡಬೇಕೋ ತೋಚದೆ ತಟ್ಟೆಯಿಂದ ಒಂದು ತುಂಡೆತ್ತಿ ಬಾಯಿಗೆ ಹಾಕಿಕೊಂಡಳು.

ಕರುಂ.

ಭಾವ ಥಟ್ಟನೆ ಅವಳತ್ತ ತಿರುಗಿದರು.

"ಇದು ನನ್ನ ಬಾಯಿಂದ ಬಂದಿದ್ದಲ್ಲ" ಎಂದರು.

"ನಂದು ಅಪ್ಪಾ" ಎಂದಳು ಪುಟ್ಟಿ. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಸುಳ್ಳೇಕೆ ಹೇಳಲಿ?

ಬೆಳಗಿನಿಂದ ಒಂದೇ ಸಮನೆ ಮಾತಾಡುತ್ತಿದ್ದ ನಮ್ಮ ಭಾವ ಕೈಯಲ್ಲಿದ್ದ ತುಂಡನ್ನು ತಟ್ಟೆಗಿಟ್ಟರು. ಮಗಳ ಕಡೆಗೆ ಕುರ್ಚಿಯನ್ನು ಪೂರ್ತಿ ತಿರುಗಿಸಿಕೊಂಡು ಕೂತರು.

"ಮಾತಾಡು ಪುಟ್ಟಿ" ಎಂದರು. "ಅಮ್ಮನ ಹತ್ರ ಅಲ್ಲ. ನನ್ನ ಹತ್ರ."