ಓದದ ಪತ್ರಿಕೆಯನ್ನು ಮತ್ತೆ ಎಸೆಯುವಂತೆ ಕೋರಿ

ಮೊಹಾವಿ ಮರುಭೂಮಿಯ ಮೂರು ಕಣಿವೆಗಳಿಗೂ ಪ್ರತಿ ಗುರುವಾರ, ಯಾರೂ ಕೇಳದಿದ್ದರೂ, ಉಚಿತವಾಗಿ ಜ್ಞಾನ ಹಂಚುವ ‘ಗ್ರೀಸ್‌ವುಡ್ ವೀಕ್ಲಿ’ಯ ಸಂಪಾದಕರ ಘನ ಸನ್ನಿಧಾನಕ್ಕೆ, ಮ್ಯೂಲ್ ಟ್ಯಾಂಕ್ ಮಣ್ಣುರಸ್ತೆಯ ಆರನೆಯ ಗೇಟಿನ ಅರ್ನೆಟ್ಟಾ ಪ್ರೂಯಿಟ್ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಸಿಬ್ಬಂದಿಯೂ ತಮ್ಮ ಕಚೇರಿಯ ಏರ್ ಕಂಡೀಷನರೂ ಈ ಜೂನ್ ತಿಂಗಳಲ್ಲಿ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇದು ನಾನು ತಮಗೆ ಬರೆಯುತ್ತಿರುವ ಹದಿಮೂರನೆಯ ಪತ್ರ. ಹಿಂದಿನ ಹನ್ನೆರಡರಲ್ಲೂ ಕೇಳಿಕೊಂಡದ್ದು ಒಂದೇ ಮಾತು: ದಯವಿಟ್ಟು ನನ್ನ ಗೇಟಿಗೆ ಪತ್ರಿಕೆ ಎಸೆಯಬೇಡಿ. ಈ ಪತ್ರದಲ್ಲಿ ಕೇಳಿಕೊಳ್ಳುವುದೂ ಒಂದೇ ಮಾತು: ದಯವಿಟ್ಟು ಎಸೆಯಿರಿ. ನಗಬೇಡಿ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು; ರಿವರ್ಸ್ ಹಾಕುವುದು ನನಗೆ ಅವಮಾನದ ಕೆಲಸವೇನಲ್ಲ.

ಮೊದಲಿಗೆ ತಮ್ಮ ಪತ್ರಿಕೆಯ ಗುಣಗಾನ ಮಾಡುವುದು ಧರ್ಮ. ಹನ್ನೆರಡು ಪುಟಗಳಲ್ಲಿ ಹತ್ತು ಪುಟ ಜಾಹೀರಾತು: ಟ್ಯಾಂಕರ್ ನೀರಿನವರು, ಪಾಯಿಖಾನೆ ಗುಂಡಿ ಖಾಲಿ ಮಾಡುವವರು, ಬೆನ್ನು ನೆಟಿಗೆ ತೆಗೆಯುವವರು, ಸತ್ತವರೊಡನೆ ಮಾತಾಡಿಸಿಕೊಡುವವರು. ಉಳಿದ ಎರಡು ಪುಟಗಳಲ್ಲಿ ಯಾವುದೋ ಅಂಗಡಿಯ ಮುಂದೆ ರಿಬ್ಬನ್ ಕತ್ತರಿಸುವ ಫೋಟೋ, ಕಳೆದುಹೋದ ಆಮೆಯೊಂದರ ಪ್ರಕಟಣೆ, ಮತ್ತು ವರ್ಷವರ್ಷವೂ ಜೂನ್ ಮೊದಲ ವಾರ ತಪ್ಪದೆ ಬರುವ ‘ಬಿಸಿಲು ಹೆಚ್ಚುವ ಸಾಧ್ಯತೆ’ ಎಂಬ ತನಿಖಾ ವರದಿ. ಇಷ್ಟು ಸುದ್ದಿ ಗಾಳಿಗೆ ಹಾರಿಹೋಗದಿರಲೆಂದು ತಮ್ಮ ಪತ್ರಿಕೆ ಹಂಚುವ ಒಡಿಲಿಯಾ ಪ್ರತಿ ಪ್ಲಾಸ್ಟಿಕ್ ಚೀಲದಲ್ಲೂ ಒಂದು ಕಲ್ಲು ಹಾಕಿ, ಓಡುವ ಕಾರಿನಿಂದ ಎಡಗೈಯಲ್ಲಿ ಎಸೆಯುತ್ತಿದ್ದಳು. ಹದಿನಾಲ್ಕು ವರ್ಷಗಳಲ್ಲಿ ಆಕೆಯ ಗುರಿ ತಪ್ಪಿದ್ದು ಒಂದೇ ಸಲ. ಆ ಸಲ ನನ್ನ ನೀಲಿ ಮೆರುಗಿನ ಹೂಕುಂಡ ಒಡೆಯಿತು. ತಮ್ಮ ಸಂಚಿಕೆಯಲ್ಲಿ ತೂಕದ್ದು ಆ ಕಲ್ಲೊಂದೇ ಎಂದು ನನಗೆ ಮನವರಿಕೆಯಾದದ್ದು ಅಂದು.

ಅಂದಿನಿಂದ ನನ್ನ ಪತ್ರಗಳು ಶುರುವಾದವು. ಹನ್ನೊಂದಕ್ಕೂ ತಮ್ಮ ಕಚೇರಿಯಿಂದ ‘ತಮ್ಮ ಅಮೂಲ್ಯ ಅಭಿಪ್ರಾಯ ತಲುಪಿದೆ’ ಎಂಬ ಒಂದೇ ಉತ್ತರ ಬಂತು, ಗುರುವಾರ ಬಂದರೆ ಪತ್ರಿಕೆಯೂ ಬಂತು. ಒಬ್ಬಳ ಕೂಗಿಗೆ ಬೆಲೆಯಿಲ್ಲವೆಂದು ತಿಳಿದು ಹನ್ನೆರಡನೆಯ ಪತ್ರದಲ್ಲಿ ‘ನಾನು’ ಇದ್ದಲ್ಲೆಲ್ಲ ‘ಮ್ಯೂಲ್ ಟ್ಯಾಂಕ್ ರಸ್ತೆಯ ಏಳೂ ಮನೆಯವರಾದ ನಾವು’ ಎಂದು ಬರೆದೆ. ಉಳಿದ ಆರು ಮನೆಯವರನ್ನು ಕೇಳಿದೆನೇ ಎಂದರೆ, ಕೇಳಲಿಲ್ಲ. ಸಹಿ ನನ್ನದೊಂದೇ, ಹಟವೂ ನನ್ನದೊಂದೇ. ಹನ್ನೊಂದು ಸಲ ಕಿವುಡಾಗಿದ್ದ ತಾವು ಹನ್ನೆರಡನೆಯ ಸಲಕ್ಕೆ ಅದೆಂಥ ಕಿವಿ ತೆರೆದಿರಿ! ಒಂಬತ್ತೇ ದಿನಗಳಲ್ಲಿ ಇಡೀ ರಸ್ತೆಗೆ ಪತ್ರಿಕೆ ನಿಂತಿತು. ಇನ್ನು ಮುಂದೆ ಎಲ್ಲವನ್ನೂ ತಮ್ಮ ವೆಬ್‌ಸೈಟಿನಲ್ಲಿ ಓದಿಕೊಳ್ಳಬಹುದೆಂಬ ಶುಭಾಶಯವೂ ಬಂತು. ನಮ್ಮ ರಸ್ತೆಯಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಮೊದಲನೆಯ ಗೇಟಿನವರೆಗೆ ನಡೆದುಹೋಗಬೇಕು ಎಂಬುದು ತಮ್ಮ ಗಮನಕ್ಕೆ ಬಾರದಿದ್ದುದು ಸಹಜ.

ಈಗ ನಮ್ಮ ರಸ್ತೆಯ ಒಂದು ವಾಡಿಕೆಯನ್ನು ತಮಗೆ ನಿವೇದಿಸಬೇಕು. ಇಲ್ಲಿ ಗೇಟಿಗೂ ಗೇಟಿಗೂ ಕಾಲು ಮೈಲಿ. ಇರುವವರೆಲ್ಲ ಅರವತ್ತು ದಾಟಿದವರು, ಬಹುಪಾಲು ಒಂಟಿಗಳು, ಇನ್ನೊಬ್ಬರ ಮನೆಬಾಗಿಲಿಗೆ ಹೋಗಿ ಕ್ಷೇಮ ಕೇಳುವುದನ್ನು ಸಣ್ಣತನವೆಂದು ತಿಳಿದವರು; ಅಂಥದ್ದೆಲ್ಲ ಬೇಡವೆಂದೇ ಇಲ್ಲಿಗೆ ಬಂದು ಸೇರಿಕೊಂಡವರು. ಹಾಗಾಗಿ ಯಾರೂ ಬಾಯಿಬಿಟ್ಟು ಹೇಳದೆಯೇ ಒಂದು ಕಟ್ಟುಪಾಡು ಬೆಳೆದುಬಂದಿದೆ: ಗುರುವಾರ ಬೆಳಿಗ್ಗೆ ಬಿದ್ದ ಪತ್ರಿಕೆಯನ್ನು ಶುಕ್ರವಾರ ಮಧ್ಯಾಹ್ನದೊಳಗೆ ಎತ್ತಿಕೊಳ್ಳಬೇಕು. ಗೇಟು ಖಾಲಿಯಿದ್ದರೆ ಒಳಗಿನವರು ನೆಟ್ಟಗಿದ್ದಾರೆ ಎಂದರ್ಥ. ಚೀಲ ಬಿದ್ದೇ ಇದ್ದರೆ ಪಕ್ಕದವರು ಹೋಗಿ ಬಾಗಿಲು ತಟ್ಟಬೇಕು. ತಮ್ಮ ಪತ್ರಿಕೆಯನ್ನು ಓದುವವರು ಈ ರಸ್ತೆಯಲ್ಲಿ ಒಬ್ಬರೂ ಇಲ್ಲ, ಆದರೆ ಎತ್ತಿಕೊಳ್ಳದವರೂ ಒಬ್ಬರಿಲ್ಲ. ಹಾಗಾದರೆ ಆ ಪತ್ರ ಬರೆಯುವಾಗ ಈ ವಾಡಿಕೆ ನಿನಗೆ ನೆನಪಾಗಲಿಲ್ಲವೇ ಎಂದು ತಾವು ಕೇಳಬಹುದು. ಆಗಲಿಲ್ಲ ಸ್ವಾಮೀ. ತಾನು ಉಸಿರಾಡುತ್ತಿದ್ದೇನೆಂಬುದು ಯಾರಿಗೆ ನೆನಪಿರುತ್ತದೆ?

ಕೊನೆಯ ಗೇಟು, ಅಂದರೆ ಏಳನೆಯದು, ಡೆಲ್ಬರ್ಟ್ ಓಯ್ಲರ್ ಎಂಬ ಎಪ್ಪತ್ತೆಂಟು ವರ್ಷದ ಮುದುಕನದು. ಒಂಬತ್ತು ವರ್ಷಗಳ ಹಿಂದೆ ಆತ ನಮ್ಮಿಬ್ಬರ ಗಡಿಯುದ್ದಕ್ಕೂ ಹಳೆಯ ಕಮೋಡುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರಲ್ಲೂ ಒಂದೊಂದು ಪಾಪಸುಕಳ್ಳಿ ನೆಟ್ಟು, ಅದನ್ನು ಉದ್ಯಾನ ಎಂದು ಕರೆದ. ಅದನ್ನು ನಾನು ಏನೆಂದು ಕರೆದೆ ಎಂಬುದು ಅಚ್ಚು ಹಾಕುವ ಮಾತಲ್ಲ. ಅಂದಿನಿಂದ ನಮಗೆ ಮಾತಿಲ್ಲ. ಆದರೂ ಒಂಬತ್ತು ವರ್ಷವೂ ಶುಕ್ರವಾರ ಮಧ್ಯಾಹ್ನ ನಾನು ಅಡಿಗೆಮನೆ ಕಿಟಕಿಯಿಂದ ಅವನ ಗೇಟು ನೋಡುತ್ತಿದ್ದೆ, ಅವನು ತನ್ನ ಅಂಗಳದಿಂದ ನನ್ನ ಗೇಟು ನೋಡುತ್ತಿದ್ದ. ಸುಮ್ಮನೆ ನೋಡುವುದಕ್ಕೆ ಮಾತು ಬೇಕಿಲ್ಲವಲ್ಲ.

ಪತ್ರಿಕೆ ನಿಂತ ಮೊದಲ ಗುರುವಾರ ಸಂಜೆ ಡೆಲ್ಬರ್ಟ್ ಕೂಲರ್ ರಿಪೇರಿಗೆಂದು ತನ್ನ ಟ್ರೇಲರ್ ಮನೆಯ ಮಾಡು ಹತ್ತಿದ. ಇಳಿಯುವಾಗ ಏಣಿ ಜಾರಿತು. ಶುಕ್ರವಾರ ಮಧ್ಯಾಹ್ನ ನಾನು ಎಂದಿನಂತೆ ಕಿಟಕಿಯಲ್ಲಿ ನಿಂತೆ. ಅವನ ಗೇಟು ಖಾಲಿ. ಮುದುಕ ಗಟ್ಟಿಯಿದ್ದಾನೆ ಎಂದುಕೊಂಡೆ, ಹುರುಳಿಕಾಯಿ ಸೋಸುತ್ತ ಕೂತೆ. ಪತ್ರಿಕೆಯನ್ನು ನಿಲ್ಲಿಸಿದ ವಿಜಯೋತ್ಸಾಹದಲ್ಲಿ ಹಾಡನ್ನೂ ಗುನುಗಿದೆನೆಂದು ಕಾಣುತ್ತದೆ.

ಶನಿವಾರ ಬೆಳಿಗ್ಗೆ ಒಡಿಲಿಯಾ ಸಂತೆಗೆ ಹೋಗುವ ದಾರಿಯಲ್ಲಿ, ಅವನ ಕೋಳಿಗೂಡಿಗೆ ಹಾಸಲೆಂದು ಉಳಿಕೆ ಪತ್ರಿಕೆಗಳ ಕಟ್ಟೊಂದನ್ನು ತಂದಳಂತೆ. ಹಾರ್ನ್ ಹೊಡೆದರೂ ಅವನು ಹೊರಗೆ ಬರಲಿಲ್ಲವೆಂದು ನನ್ನ ಗೇಟಿಗೆ ಬಂದು ವಿಚಾರಿಸಿದಳು. ಅವನಿಗೇನಾಗಿದೆ ಧಾಡಿ, ನಿನ್ನೆ ನಾನೇ ನೋಡಿದೆ, ಗೇಟು ಖಾಲಿಯಿತ್ತು ಎಂದೆ. ಒಡಿಲಿಯಾ ಕಾರಿನ ಎಂಜಿನ್ ಆರಿಸಿದಳು.

“ಅಲ್ಲಮ್ಮಾ, ನಾನು ಹಾಕಿದ್ರೆ ತಾನೇ ಪೇಪರ್ ಅಲ್ಲಿ ಬಿದ್ದಿರೋದು?” ಎಂದಳು.

ಮಾನ್ಯರೇ, ಮಂಡಿನೋವಿನವಳು ನಾನು, ಓಡಿದೆ. ಟ್ರೇಲರಿನ ಹಿಂದೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಅವನಿದ್ದ. ಸೊಂಟ ಮುರಿದಿತ್ತು. ಅಲ್ಲಿಯವರೆಗೆ ತೆವಳಿಕೊಂಡು ಹೋಗಿ, ತೊಟ್ಟಿಕ್ಕುವ ನಲ್ಲಿಗೆ ಬಾಯಿಯೊಡ್ಡಿ ಅಷ್ಟು ಹೊತ್ತು ಜೀವ ಹಿಡಿದಿದ್ದ. ಆ ನಲ್ಲಿ ಸೋರುತ್ತದೆ, ಮರುಭೂಮಿಯಲ್ಲಿ ನೀರು ಪೋಲು ಮಾಡುವುದು ಪಾಪ, ಸರಿ ಮಾಡಿಸು ಎಂದು ನಾನು ಅವನ ಗೇಟಿಗೆ ನಾಲ್ಕು ಚೀಟಿ ಸಿಕ್ಕಿಸಿದ್ದೆ. ಪುಣ್ಯಕ್ಕೆ ಅವನು ತಮ್ಮಷ್ಟು ವಿಧೇಯನಲ್ಲ.

ಅವನು ಕಣ್ಣು ಬಿಟ್ಟು, ಇವತ್ತು ಯಾವ ವಾರ ಎಂದು ಕೇಳಿದ. ಶನಿವಾರ ಎಂದೆ.

“ನಿನ್ನೆ ಮಧ್ಯಾಹ್ನದಿಂದ ಕಾಯ್ತಾ ಇದೀನಿ ಕಣೇ,” ಎಂದ.

ಒಂಬತ್ತು ವರ್ಷಗಳಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತುಗಳು ಇವೆರಡು. ಬೈದಿದ್ದರೆ ವಾಸಿಯಿತ್ತು, ಬೈಗುಳಕ್ಕೆ ನನ್ನಲ್ಲಿ ಉತ್ತರವಿದೆ. ಆಂಬುಲೆನ್ಸಿಗೆ ಫೋನು ಮಾಡಲು ಒಡಿಲಿಯಾ ಮೊದಲನೆಯ ಗೇಟಿಗೆ ಕಾರು ಓಡಿಸಿದಳು, ನಾನು ಅಲ್ಲೇ ಮಣ್ಣಲ್ಲಿ ಕೂತು ಅತ್ತೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬುದು ನನ್ನಂಥವರಿಗೆಂದೇ ಹೇಳಿದ ಮಾತಿರಬೇಕು.

ಸೋಮವಾರವೇ ತಮ್ಮ ಕಚೇರಿಗೆ ಫೋನು ಮಾಡಿದೆ. ಒಮ್ಮೆ ನಿಲ್ಲಿಸಿದ ರಸ್ತೆಗೆ ಮತ್ತೆ ಪತ್ರಿಕೆ ಹಾಕಬೇಕಾದರೆ ಪ್ರತಿಯೊಂದು ಮನೆಯವರ ಸಹಿಯೂ ಬೇಕೆಂದು ತಮ್ಮ ಸಿಬ್ಬಂದಿ ಬಹಳ ಮಧುರವಾಗಿ ತಿಳಿಸಿದರು. ನಿಲ್ಲಿಸುವುದಕ್ಕೆ ಒಬ್ಬ ಹಟಮಾರಿ ಮುದುಕಿಯ ಸಹಿ ಸಾಕಾಗಿತ್ತು. ಶುರು ಮಾಡುವುದಕ್ಕೆ ಏಳು. ತಮ್ಮ ನಿಯಮಗಳ ಈ ಜಾಗರೂಕತೆಗೆ ತಲೆಬಾಗುತ್ತೇನೆ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಐದು ಗೇಟುಗಳಿಗೂ ಹೋದೆ, ನಿಮ್ಮೆಲ್ಲರ ಹೆಸರು ಹೇಳಿ ಬರೆದವಳು ನಾನೇ ಎಂದು ಒಪ್ಪಿಕೊಂಡೆ, ಐದು ಕಡೆಯೂ ತಕ್ಕಮಟ್ಟಿಗೆ ಬೈಸಿಕೊಂಡೆ, ಸಹಿ ಪಡೆದೆ. ಆರನೆಯದು ನನ್ನದೇ. ಏಳನೆಯದಕ್ಕೆ ಊರಿನ ಆಸ್ಪತ್ರೆಗೆ ಹೋದೆ.

ಡೆಲ್ಬರ್ಟ್ ಕಾಗದವನ್ನು ಎರಡು ಸಲ ಓದಿದ. ತಮ್ಮ ಪತ್ರಿಕೆಗೆ ಸಂಬಂಧಿಸಿದ ಬರಹವನ್ನು ನಮ್ಮ ರಸ್ತೆಯವರು ಪೂರ್ತಿ ಓದಿದ್ದು ಅದೇ ಮೊದಲು.

“ನನಗೇನೂ ಪೇಪರ್ ಬೇಕಾಗಿಲ್ಲ,” ಎಂದ. “ನಿಂದು ನೀನು ಎತ್ತಿದೀಯೋ ಇಲ್ವೋ ನಾನು ನೋಡ್ಬೇಕಲ್ಲ, ಅದಕ್ಕೆ ಹಾಕ್ತಾ ಇದೀನಿ.” ಹಾಕಿದ.

ಏಳೂ ಸಹಿಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ತಮ್ಮಲ್ಲಿ ಬೇರೆ ಹೆಚ್ಚಿನ ಬೇಡಿಕೆಯಿಲ್ಲ. ಸುದ್ದಿ ಇರಲೇಬೇಕೆಂಬ ಒತ್ತಾಯವಿಲ್ಲ. ಆ ವಿಷಯದಲ್ಲಿ ತಾವು ಇದುವರೆಗೆ ಕಾಪಾಡಿಕೊಂಡು ಬಂದ ಸಂಪ್ರದಾಯವನ್ನೇ ಮುಂದುವರಿಸಬಹುದು. ಹನ್ನೆರಡೂ ಪುಟ ಖಾಲಿಯಿದ್ದರೂ ನಮ್ಮ ರಸ್ತೆಯಿಂದ ದೂರು ಬಾರದು. ಕಲ್ಲು ಮಾತ್ರ ಇರಲಿ. ಎಸೆಯುವವಳು ಒಡಿಲಿಯಾಳೇ ಆಗಿರಲಿ, ಏಕೆಂದರೆ ಖಾಲಿ ಗೇಟನ್ನು ನೋಡಿ ಅನುಮಾನಪಡುವ ಬುದ್ಧಿ ತಮ್ಮ ಇಡೀ ಸಂಸ್ಥೆಯಲ್ಲೂ ನನ್ನಲ್ಲೂ ಇರಲಿಲ್ಲ, ಆಕೆಯಲ್ಲಿತ್ತು. ಇದು ಸಾಧ್ಯವಿಲ್ಲವೆಂದಾದರೆ ತಮ್ಮ ವೆಬ್‌ಸೈಟಿಗೇ ಅಪ್ಪಣೆ ಮಾಡಿ: ಪ್ರತಿ ಗುರುವಾರ ಬೆಳಿಗ್ಗೆ ಅದು ನಮ್ಮ ಏಳು ಗೇಟುಗಳ ಮುಂದೆ ಬಂದು ಬಿದ್ದಿರಲಿ, ಶುಕ್ರವಾರ ಮಧ್ಯಾಹ್ನವಾದರೂ ಯಾರೂ ಎತ್ತದಿದ್ದರೆ ತಾನೇ ಎದ್ದು ಹೋಗಿ ಬಾಗಿಲು ತಟ್ಟಲಿ.

ತಮ್ಮ ಪತ್ರಿಕೆಯನ್ನು ಎಂದೂ ಓದದ, ಇನ್ನು ಮುಂದೆಯೂ ಓದಲೊಲ್ಲದ,
ಆದರೂ ತಮ್ಮ ವಿಶ್ವಾಸಿ,
ಅರ್ನೆಟ್ಟಾ ಪ್ರೂಯಿಟ್

ಮರೆತ ಮಾತು: ಡೆಲ್ಬರ್ಟ್‌ನನ್ನು ಬರುವ ಬುಧವಾರ ಮನೆಗೆ ಕಳುಹಿಸುತ್ತಾರಂತೆ, ಊರುಗೋಲಿನ ಮೇಲೆ. ಗೇಟಿನವರೆಗೆ ನಡೆಯಲು ಅವನಿಗೆ ಅರ್ಧ ಗಂಟೆಯಾದರೂ ಬೇಕು; ನಾನು ಎತ್ತಿಕೊಡುತ್ತೇನೆಂದರೆ ಮುಟ್ಟಿದರೆ ನೋಡು ಎಂದಿದ್ದಾನೆ. ಶುಕ್ರವಾರ ಮಧ್ಯಾಹ್ನ ನಾನು ಕಿಟಕಿಯಲ್ಲಿ ನಿಂತಿರುತ್ತೇನೆ. ಅದಕ್ಕೆ ಮೊದಲು ಅವನ ಗೇಟಿನಲ್ಲಿ ಪತ್ರಿಕೆ ಬಿದ್ದಿರಬೇಕು, ಆಮೇಲೆ ಇರಬಾರದು. ಮೊದಲನೆಯದನ್ನು ತಾವು ನೋಡಿಕೊಳ್ಳಿ, ಎರಡನೆಯದನ್ನು ಅವನು ನೋಡಿಕೊಳ್ಳುತ್ತಾನೆ.