ಬಾವಿಯ ಮೆಟ್ಟಿಲು ಮತ್ತು ಮನೆಯ ವೈ-ಫೈ

ನೆನಪನ್ನು ನಂಬಬಾರದು ಎಂದು ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಲಿತೆ. ಯಾರು ಕಲಿಸಿದರೆಂಬುದು ಮಾತ್ರ ಈಗ ನೆನಪಿಲ್ಲ. ತತ್ವಶಾಸ್ತ್ರದ ಎಂ.ಎ. ಮಾಡಿದವನಿಗೆ ಸಂಶಯವೆಂಬುದು ಒಂದು ಒಡವೆ. ದೇವರಿಂದ ಹಿಡಿದು ತರಕಾರಿ ತಕ್ಕಡಿಯವರೆಗೆ ಎಲ್ಲವನ್ನೂ ಸಂಶಯಿಸುತ್ತ ಅರ್ಧ ಶತಮಾನ ಆರಾಮವಾಗಿ ಕಳೆದೆ. ಈಚೆಗೆ ಆ ಸಂಶಯ ತಿರುಗಿ ನನ್ನ ಮೇಲೇ ಬಿತ್ತು. ಒಂದು ದಿನ ಅಕ್ಕಲಕೋಟದ ಬಸ್ಸು ಕುಂಭಾರಿ ದಾಟಿದ ಮೇಲೆ, ಅಕ್ಕಲಕೋಟದಲ್ಲಿರುವ ನನ್ನ ಅಕ್ಕ ಶಾಂತಕ್ಕನ ಮನೆಗೆ ಯಾಕೆ ಹೊರಟಿದ್ದೇನೆಂಬುದೇ ಮರೆತುಹೋಯಿತು. ಹೋದೆ, ಹೋಳಿಗೆ ಉಂಡೆ, ಬಂದೆ. ಕಾರಣ ಹೊಳೆಯಲಿಲ್ಲ. ಹೆಂಡತಿ ಸುಧಾಗೆ ಹೇಳಲಿಲ್ಲ. ಮರೆವಿನ ರೋಗದ ಕುರಿತ ವಿಡಿಯೋಗಳನ್ನು ಫೋನಿನಲ್ಲಿ ಗುಟ್ಟಾಗಿ ನೋಡತೊಡಗಿದೆ.

ಗುಟ್ಟು ಉಳಿಯಲಿಲ್ಲ. ಸೊಲ್ಲಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹನ್ನೆರಡು ಮನೆಗಳಿಗೆ ಒಂದೇ ಇಂಟರ್ನೆಟ್ಟು, ಒಂದೇ ಪಾಸ್‌ವರ್ಡು. ಅದನ್ನು ಲಿಫ್ಟಿನೊಳಗೆ, ‘ಇಲ್ಲಿ ಉಗುಳಬಾರದು’ ಎಂಬ ಫಲಕದ ಕೆಳಗೆ, ದಪ್ಪಕ್ಷರದಲ್ಲಿ ಅಂಟಿಸಿದ್ದಾರೆ. ಒಂದು ಸಂಜೆ ನನ್ನ ಬೆರಳು ಫೋನಿನಲ್ಲಿ ಏನನ್ನು ಒತ್ತಿತೋ, ಮರಾಠಿಯಲ್ಲಿ ಅತ್ತಿಗೆಗೆ ಹೇಳುವಂತೆ ನಾವೆಲ್ಲ ವಹಿನಿ ಎನ್ನುವ ಎದುರುಮನೆಯಾಕೆಯ ಟಿವಿಯಲ್ಲಿ ಧಾರಾವಾಹಿ ನಿಂತು, ಬಿಳಿ ಕೋಟಿನ ಡಾಕ್ಟರೊಬ್ಬರು ಮರೆವಿನ ಏಳು ಲಕ್ಷಣಗಳನ್ನು ಹೇಳಲಾರಂಭಿಸಿದರು. ಪರದೆಯ ಮೂಲೆಯಲ್ಲಿ ನನ್ನ ಹೆಸರು ಕಂಡು ವಹಿನಿ ನಮ್ಮ ಬಾಗಿಲಿಗೇ ಬಂದರು. “ಅಹೋ ಭಾವುಜಿ, ನಿಮ್ಮ ಡಾಕ್ಟರ್ ನಮ್ಮ ಟಿವಿಯಾಗ ಬಂದಾನ ನೋಡ್ರಿ. ನಾಕ ಲಕ್ಷಣ ಆದುವು, ಇನ್ನ ಮೂರು ಉಳದಾವ. ಬರ್ತೀರೇನು ನೋಡಾಕ? ಕಾಳಜಿ ಘ್ಯಾ ಹಂ, ಜೋಪಾನ!” ಮರುದಿನದಿಂದ ಲಿಫ್ಟಿನಲ್ಲಿ ಸಿಕ್ಕವರೆಲ್ಲ ತಮ್ಮ ಹೆಸರನ್ನು ತಾವೇ ಹೇಳಿಕೊಂಡು ನನಗೆ ನಮಸ್ಕಾರ ಮಾಡತೊಡಗಿದರು.

ಹೀಗಾಗಿ ನನ್ನದೇ ಒಂದು ರೂಟರ್ ತಂದೆ. ಗೋಡೆಯಿಂದ ಬರುವ ಸಾಮೂಹಿಕ ತಂತಿಯನ್ನು ಅದಕ್ಕೆ ಚುಚ್ಚಿದರೆ, ಅದರ ಹಿಂದೆ ನಮ್ಮದೇ ಸಣ್ಣ ಜಾಲವೊಂದು ಹುಟ್ಟುತ್ತದಂತೆ. ಓಣಿ ಎಲ್ಲರದೂ, ಹೊಸ್ತಿಲು ನಮ್ಮದು. ಕೈಪಿಡಿಯನ್ನು ಉಪನಿಷತ್ತಿನಂತೆ ಓದಿದೆ. ಕಾರ್ಖಾನೆಯವರು ಕೊಟ್ಟ ಪಾಸ್‌ವರ್ಡನ್ನು ಮೊದಲು ಬದಲಿಸಬೇಕು, ಜಾಲಕ್ಕೆ ಮನೆಯವರ ಹೆಸರಿಡಬಾರದು, ನೆಂಟರಿಗೆ ಬೇರೆಯೇ ಅತಿಥಿ ಜಾಲ ಕೊಡಬೇಕು. ಎಲ್ಲ ಮಾಡಿದೆ. ಒಳಗೆ ಯಾವ ಯಾವ ಯಂತ್ರಗಳು ಸೇರಿವೆ ಎಂದು ರೂಟರ್ ಪಟ್ಟಿ ಕೊಡುತ್ತದೆ. ಎಂಥ ಮೋಜು! ಅಂಗಡಿ ತೆರೆದ ಮೊದಲ ದಿನದ ವ್ಯಾಪಾರಿಯಂತೆ ಗಂಟೆಗೊಮ್ಮೆ ನೋಡುತ್ತಿದ್ದೆ. ನನ್ನ ಫೋನು, ನಮ್ಮ ಟಿವಿ, ಮತ್ತು... ಮೂರನೆಯದೊಂದು ಅಪರಿಚಿತ! ಅರ್ಧ ದಿನ ಪತ್ತೇದಾರಿ ಮಾಡಿದೆ. ವಹಿನಿಯ ಮೇಲೂ ಸಂಶಯಪಟ್ಟೆ. ಕೊನೆಗೆ ಅದು ನನ್ನದೇ ಹಳೆಯ ಟ್ಯಾಬು ಎಂದು ತಿಳಿಯಿತು; ಎರಡು ದಿನದ ಹಿಂದೆ ನಾನೇ ಸೇರಿಸಿ ಮರೆತಿದ್ದೆ.

ಆಗ ನಿಜವಾಗಿ ಹೆದರಿದೆ. ಸರಿ, ಒಂದು ಪರೀಕ್ಷೆ ಆಗಿಯೇ ಹೋಗಲಿ ಎಂದುಕೊಂಡೆ. ಪಾಸ್‌ವರ್ಡನ್ನು ನಾನು ಎಲ್ಲೂ ಬರೆದಿರಲಿಲ್ಲ. ಬರೆದದ್ದು ಓದಿದವರ ಪಾಲು ಎಂಬುದಕ್ಕೆ ನಮ್ಮ ಲಿಫ್ಟೇ ಸಾಕ್ಷಿ. ಬದಲಿಗೆ ನಾನೆಂದೂ ಮರೆಯಲಾರದ ಸಂಗತಿಯೊಂದರಿಂದ ಅದನ್ನು ಕಟ್ಟಿದ್ದೆ. ಆರು ವರ್ಷದವನಿದ್ದಾಗ, ನಮ್ಮ ಎಮ್ಮೆ ಚಂದ್ರಿ ಹೊಲದ ಬಾವಿಗಿಳಿದಿತ್ತು. ಮೆಟ್ಟಿಲಿಳಿದು ಹೋಗಿ ನಾನೊಬ್ಬನೇ ಅದನ್ನು ಮೇಲೆ ತಂದಿದ್ದೆ. ಎಮ್ಮೆಯ ಹೆಸರು, ಬಾವಿ, ಮೆಟ್ಟಿಲುಗಳ ಸಂಖ್ಯೆ: ಇಷ್ಟೇ ಪಾಸ್‌ವರ್ಡು. ಫೋನಿನಲ್ಲಿ ‘ಈ ಜಾಲವನ್ನು ಮರೆತುಬಿಡು’ ಎಂಬ ಗುಂಡಿಯಿದೆ. ಒತ್ತಿದೆ. ಫೋನು ವಿಧೇಯವಾಗಿ ಮರೆಯಿತು. ನೋಡಿದರೆ ನಾನೂ ಮರೆತಿದ್ದೆ. ಚಂದ್ರಿ ಬಂತು, ಬಾವಿ ಬಂತು, ಮೆಟ್ಟಿಲೆಷ್ಟು? ಇಪ್ಪತ್ತನಾಲ್ಕು ಹಾಕಿದೆ, ತೆರೆಯಲಿಲ್ಲ. ಹದಿನೆಂಟು? ಊಹೂಂ. ಒಂದರಿಂದ ನೂರರವರೆಗೆ ಒಂದೊಂದಾಗಿ ಹಾಕಿ ನೋಡಬಹುದಿತ್ತು. ಆದರೆ ಅದು ನೆನಪಲ್ಲ, ಕಳ್ಳತನ. ರೂಟರಿನ ಬೆನ್ನಿಗೊಂದು ಸಣ್ಣ ತೂತಿದೆ, ಪಿನ್ನು ಚುಚ್ಚಿದರೆ ಅದು ಸಕಲವನ್ನೂ ಮರೆತು ಕಾರ್ಖಾನೆಯಿಂದ ಬಂದ ದಿನಕ್ಕೆ ಮರಳುತ್ತದೆ. ಸುಧಾಳ ಸೇಫ್ಟಿ ಪಿನ್ನು ಹಿಡಿದು ನಿಂತೆ. ಚುಚ್ಚಿದರೆ ಜಾಲ ಸಿಗುತ್ತದೆ, ಆದರೆ ಏಳು ಲಕ್ಷಣಗಳೂ ನನ್ನವೆಂದು ಒಪ್ಪಿಕೊಂಡಂತೆ.

ಶಾಂತಕ್ಕನಿಗೆ ಫೋನು ಮಾಡಿದೆ. “ಅಕ್ಕಾ, ನಮ್ಮ ಹೊಲದ ಭಾವಿಗಿ ಎಷ್ಟ ಮೆಟ್ಲ ಇದ್ದುವು?”

“ಮೆಟ್ಲ? ಯಾವ ಮೆಟ್ಲೋ ತಮ್ಮಾ? ಅದು ರಾಟಿ ಭಾವಿ. ಕೊಡ ಇಳೀತಿತ್ತು, ಮನಶ್ಯಾ ಇಳೀತಿದ್ದಿಲ್ಲ.”

“ಮತ್ತ ಚಂದ್ರಿ ಇಳದಿತ್ತಲ್ಲ?”

“ಅದು ಹಳ್ಳದಾಗ ಹೋಗಿ ಕುಂತಿತ್ತು. ಎಬ್ಬಿಸಿ ಹೊಡಕೊಂಡ ಬಂದಾಕಿ ನಾ. ನೀ ದಂಡಿ ಮ್ಯಾಲ ನಿಂತು ಅಳಾಕತ್ತಿದ್ದಿ. ನಿನ್ನೂ ಎತಗೊಂಡ ಬಂದೀನಿ.”

ಫೋನಿಟ್ಟೆ. ಸತ್ಯವನ್ನು ಹುಡುಕಬೇಕೆಂದು ಇಡೀ ಆಯುಷ್ಯ ಹೇಳಿಕೊಂಡು ಬಂದವನಿಗೆ ಸತ್ಯ ಸಿಕ್ಕಿತ್ತು, ಆದರೆ ಅದರಿಂದ ಬೀಗ ತೆರೆಯುವಂತಿರಲಿಲ್ಲ. ನನಗೆ ಬೇಕಾಗಿದ್ದದ್ದು ನನ್ನದೇ ಸುಳ್ಳು, ಅದೂ ಸರಿಯಾದ ಲೆಕ್ಕದ ಸುಳ್ಳು.

ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಸುಧಾ ತಲೆಯೆತ್ತದೆ ಅಂದಳು: “ಮದುವ್ಯಾದ ಹೊಸದಾಗ ಹದಿನೆಂಟ ಇದ್ದುವು. ಮಗಳು ಹುಟ್ಟಿದ ಮ್ಯಾಲೆ ಇಪ್ಪತ್ನಾಕಾದುವು. ಹೋದ ತಿಂಗಳ ವಹಿನಿ ಮುಂದ ಹೇಳಾಗ ಮೂವತ್ತೆರಡಕ್ಕ ಇಳದಿದ್ರಿ. ಅದನ್ನ ಹಾಕಿ ನೋಡ್ರಿ.”

ಹಾಕಿದೆ. ತೆರೆಯಿತು.

ಆ ಸಂತೋಷಕ್ಕೋ ಅವಮಾನಕ್ಕೋ, ಎಲ್ಲವನ್ನೂ ಅವಳೆದುರು ಒಪ್ಪಿಕೊಂಡುಬಿಟ್ಟೆ: ಡಾಕ್ಟರು, ಲಕ್ಷಣ, ಅಕ್ಕಲಕೋಟದ ಬಸ್ಸು. “ಗೊತ್ತದರಿ,” ಅಂದಳು. “ಅಕ್ಕಗ ಕೊಡೂ ಚಾದರ ಬಾಗಲದಾಗೇ ಬಿಟ್ಟು ಹೋಗಿದ್ರಿ. ನಾ ಮರದಿನ ಕಳಿಸೀನಿ.”

“ಹಂಗಾರ ನನ್ನ ನೆನಪಿಗಿ ಏನೋ ಆಗೇದ ಅಂತೀ?”

“ಏನೂ ಆಗಿಲ್ರಿ. ಮೊದಲಿಂದಾನೂ ಹಿಂಗ ಅದ.”

ಇಷ್ಟು ಸಮಾಧಾನವನ್ನು ಬಿಳಿ ಕೋಟಿನವರು ಯಾವ ವಿಡಿಯೋದಲ್ಲೂ ಕೊಟ್ಟಿರಲಿಲ್ಲ. ಪಾಸ್‌ವರ್ಡನ್ನು ಬದಲಿಸಲಿಲ್ಲ. ಯಾವ ಕಥೆಯಿಂದ ಹೊಸದನ್ನು ಕಟ್ಟಿದರೂ ಅದರ ಎಲ್ಲ ಆವೃತ್ತಿಗಳು ಅಡುಗೆಮನೆಯಲ್ಲಿ ಭದ್ರವಾಗಿರುತ್ತವೆ. ಒಂದೇ ತೊಂದರೆ: ಇನ್ನು ಮೇಲೆ ಆ ಕಥೆಯನ್ನು ಯಾರ ಮುಂದೆ ಹೇಳಿದರೂ ಮೂವತ್ತೆರಡಕ್ಕೆ ನಿಲ್ಲಬೇಕು. ಹೋದ ಭಾನುವಾರ ವಹಿನಿಯ ತಮ್ಮ ಬಂದಿದ್ದರು, ಮಾತಿಗೆ ಮಾತು ಬಂದು ಚಂದ್ರಿ ಬಾವಿಗಿಳಿಯಿತು. ಹುರುಪಿನಲ್ಲಿ ನಲವತ್ತು ಮೆಟ್ಟಿಲು ಅಂದುಬಿಟ್ಟೆ. ಒಳಗಿನಿಂದ ಸುಧಾಳ ಕೆಮ್ಮು ಕೇಳಿಸಿತು. ಎಂಟು ಮೆಟ್ಟಿಲು ಹತ್ತಿ ಮೇಲೆ ಬಂದೆ.